ದೇವರ ಊಟ ಮುಗಿಯುವ ತನಕ

ನನ್ನ ತವರು ತೆಲಸಂಗದ ಕಡೆ, ಆಡು ಸಾಕುವ ಮನೆ. ಮರಿಗಳು ಹಾಲೆಲ್ಲ ಕುಡಿದುಬಿಟ್ಟರೆ ಸಂಜೆಯ ಚಹಾಕ್ಕೆ ಹಾಲಿರುವುದಿಲ್ಲ ಎಂದು ಅವ್ವ ಆಡಿನ ಮೊಲೆಗೆ ಹಿಕ್ಕೆ ಕಲಸಿ ಸವರುತ್ತಿದ್ದಳು. ಮರಿ ಓಡಿಬಂದು, ಮೂಸಿ, ಸೀನಿ, ಹಿಂದೆ ಸರಿದು ನಿಲ್ಲುತ್ತಿತ್ತು. ನನಗೆ ಎಂಟು ಹತ್ತು ವರ್ಷವಾದಾಗ ಆ ಸವರುವ ಕೆಲಸ ನನ್ನ ಪಾಲಿಗೆ ಬಂತು. ಮರಿಯ ಮುಖ ನೋಡಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಆಡಿನ ಮುಖವನ್ನು ಮಾತ್ರ ಒಂದು ದಿನವೂ ನೋಡಲಿಲ್ಲ.

ಮದುವೆಯಾಗಿ ಕೃಷ್ಣೆಯ ದಂಡೆಯ ಜುಗೂಳಕ್ಕೆ ಬಂದೆ. ಇಲ್ಲಿ ಸ್ವಲ್ಪ ಕಬ್ಬು, ಹಿತ್ತಲಲ್ಲಿ ಒಂದು ಆಕಳು, ಮನೆಯಲ್ಲಿ ಅತ್ತೆ, ಗಂಡ, ನಾನು. ಆಮೇಲೆ ಮಗಳು. ಅವಳಿಗೆ ಎರಡೂವರೆ ವರ್ಷ ತುಂಬಿದರೂ ನನ್ನ ಹಾಲು ಬಿಟ್ಟಿರಲಿಲ್ಲ. ಅತ್ತೆಯ ತವರು ಮಹಾರಾಷ್ಟ್ರದ ಕಡೆಯದಾದ್ದರಿಂದ ನಮ್ಮ ಮನೆಯಲ್ಲಿ ಎದೆಹಾಲಿಗೆ ದುದು ಎಂದು ಹೆಸರು. ರೊಟ್ಟಿ ಕೊಟ್ಟರೆ ದುದು, ಅನ್ನ ಕಲಸಿದರೆ ದುದು, ಬಿದ್ದರೆ ದುದು, ಎದ್ದರೆ ದುದು. ಅಂಗನವಾಡಿಯ ತಕ್ಕಡಿಯ ಮುಳ್ಳು ಮೂರು ತಿಂಗಳಿನಿಂದ ನಿಂತಲ್ಲೇ ನಿಂತಿತ್ತು. ಅಲ್ಲಿಯ ಟೀಚರಬಾಯಿ ಮೆಲ್ಲಗೆ, ಮೊದಲು ಊಟ ಮಾಡಿಸಿ ಆಮೇಲೆ ಹಾಲು ಕೊಡಿರಿ ಎಂದಳು. ಹೇಳುವುದೇನು ಸುಲಭ! ಹಾಲು ಇದೆ ಎಂದು ಗೊತ್ತಿರುವವಳು ರೊಟ್ಟಿಗೆ ಯಾಕೆ ಬಾಯಿ ತೆರೆಯುತ್ತಾಳೆ?

ಅತ್ತೆ ದಿನಾ ಬೈಯುತ್ತಿದ್ದರು. ಹಲ್ಲು ಬಂದ ಮೇಲೆ ಹಾಲು ಯಾಕೆ, ಹುಡುಗಿ ಕಡ್ಡಿಯಾಗಿದ್ದಾಳೆ, ನಿನಗೇ ಬಿಡಿಸಲು ಮನಸ್ಸಿಲ್ಲ ಎನ್ನುತ್ತಿದ್ದರು. ಕೊನೆಯ ಮಾತು ಖರೆ ಇತ್ತು, ಅದಕ್ಕೇ ನನಗೆ ಸಿಟ್ಟು ಬರುತ್ತಿತ್ತು. ಮೈಯೆಲ್ಲ ಹಿಂಡಿ ಹಿಪ್ಪೆಯಾಗಿತ್ತು, ಬಿಟ್ಟರೆ ಸಾಕಪ್ಪಾ ಅನ್ನಿಸುತ್ತಿತ್ತು. ಆದರೂ ಅವಳು ಒಂದು ಕೈಯಲ್ಲಿ ನನ್ನ ತಾಳಿಯ ಗುಂಡು ತಿರುವುತ್ತ ಕಣ್ಣು ಅರ್ಧ ಮುಚ್ಚಿ ಕುಡಿಯುವಾಗ, ಊರೆಲ್ಲ ಏನಾದರೂ ಅಂದುಕೊಳ್ಳಲಿ ಎನ್ನಿಸುತ್ತಿತ್ತು.

ಬೇವು ಅರೆದು ಹಚ್ಚಿ ನೋಡಿದೆ. ಅವಳು ಒಮ್ಮೆ ನೆಕ್ಕಿ ಮುಖ ಸಿಂಡರಿಸಿದಳು. ಆಮೇಲೆ ತನ್ನ ಲಂಗದ ಅಂಚಿನಿಂದ ಚೆನ್ನಾಗಿ ಒರೆಸಿ, ಏನೂ ಆಗಿಲ್ಲವೆಂಬಂತೆ ಕುಡಿಯತೊಡಗಿದಳು. ಅತ್ತೆ ಹಣೆ ಬಡಿದುಕೊಂಡರು. ನಾನು ಮೇಲೆ ಬೇಸರ ತೋರಿಸಿ ಒಳಗೊಳಗೇ ಹಿಗ್ಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಹೇಳುತ್ತಾರೆಯೇ.

ನಮ್ಮ ಮನೆದೇವರು ಮಂಗಸೂಳಿಯ ಮಲ್ಲಯ್ಯ. ಪ್ರತಿ ರವಿವಾರ ಅತ್ತೆ ದೇವರ ಜಗುಲಿಯ ಮೇಲೆ ಭಂಡಾರ, ಎಂದರೆ ಪೂಜೆಯ ಅರಿಸಿನ, ಏರಿಸಿ ಎಡೆ ಹಿಡಿಯುತ್ತಾರೆ. ಅವರು ತಾಟು ಎತ್ತುವ ತನಕ ಅದನ್ನು ಯಾರೂ ಮುಟ್ಟುವಂತಿಲ್ಲ. ಮಗಳಿಗೆ ಈ ಕಟ್ಟಳೆ ಬಾಯಿಪಾಠ. ಕೈ ಹಿಂದೆ ಕಟ್ಟಿಕೊಂಡು ಜಗುಲಿಯ ಮುಂದೆ ನಿಂತು, "ದೇವರ ಉಂಡನ?" ಎಂದು ಕೇಳುತ್ತಿದ್ದಳು. ಅಜ್ಜಿ "ಉಂಡಾನ, ಬಾ" ಎಂದ ಮೇಲೆಯೇ ಬೆಲ್ಲದ ಚೂರಿಗೆ ಕೈ ಚಾಚುತ್ತಿದ್ದಳು. ಉಳಿದ ಎಡೆ ಆಕಳಿಗೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ಕುಡಿಯುತ್ತಿದ್ದಾಗ ನಾನು ಮೊಬೈಲ್ ನೋಡುತ್ತಿದ್ದೆ. ತವರಿನಲ್ಲಿ ಯಾರದೋ ಮದುವೆಯ ಫೋಟೊ ಬಂದಿದ್ದವು, ಒಂದೊಂದೇ ಸರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಕಚ್ಚಿದಳು. ಜೀವ ಹೋದಂತಾಯಿತು. ಅವಳನ್ನು ದಡಕ್ಕನೆ ಕೆಳಗಿಳಿಸಿ ಜಗುಲಿಗೆ ಹೋದೆ. ಬಟ್ಟಲಿನಿಂದ ಭಂಡಾರ ಬಾಚಿ ಎರಡೂ ಮೊಲೆಗೆ ಮೆತ್ತಿಕೊಂಡು ಬಂದು ಅವಳ ಮುಂದೆ ನಿಂತೆ.

"ನೋಡ, ಇದ ಈಗ ಮಲ್ಲಯ್ಯಂದು. ದೇವರಿಗಿ ಇಟ್ಟೀನಿ" ಎಂದೆ.

ಸಿಟ್ಟಿನಲ್ಲಿ ಅಂದ ಮಾತು ಅದು. ಬೇವನ್ನು ಒರೆಸಿದಂತೆ ಇದನ್ನೂ ಲಂಗದಿಂದ ಒರೆಸುತ್ತಾಳೆ, ನಾನು ಒಂದೆರಡು ಮಾತು ಬೈದು ತೊಡೆಯ ಮೇಲೆ ಹಾಕಿಕೊಳ್ಳುತ್ತೇನೆ ಎಂದುಕೊಂಡಿದ್ದೆ. ಅವಳು ಒರೆಸಲಿಲ್ಲ. ಹಳದಿಯನ್ನು ನೋಡಿದಳು, ನನ್ನ ಮುಖ ನೋಡಿದಳು. ಎರಡು ಹೆಜ್ಜೆ ಹಿಂದೆ ಸರಿದು ಪುಟ್ಟ ಕೈ ಮುಗಿದಳು. ತುಟಿಯ ಮೇಲೆ ಇನ್ನೂ ಹಾಲಿನ ಪಸೆ ಇತ್ತು.

ಮಾಡಿದ್ದುಣ್ಣೋ ಮಹರಾಯ. ಆಡಿನ ಮುಖ ಹೇಗಿರುತ್ತಿತ್ತು ಎಂದು ನನಗೆ ಆವತ್ತು ತಿಳಿಯಿತು.

ಮರುದಿನ ಎದ್ದ ಕೂಡಲೇ ಬಂದು ನನ್ನೆದುರು ಕೈ ಹಿಂದೆ ಕಟ್ಟಿಕೊಂಡು ನಿಂತಳು.

"ಅವ್ವಾ, ದೇವರ ಉಂಡನ?"

ಇನ್ನೂ ಇಲ್ಲವ್ವಾ ಎಂದೆ. ತಲೆಯಾಡಿಸಿ ಹೋದಳು. ಮಧ್ಯಾಹ್ನ ಮತ್ತೆ ಬಂದಳು, ಸಂಜೆ ಮತ್ತೆ. ಅಳಲಿಲ್ಲ, ಹಟ ಮಾಡಲಿಲ್ಲ. ಮಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಮಲ್ಲಯ್ಯ ಸಾವಕಾಶ ಉಣ್ಣುತ್ತಾನೆ ಎಂದು ಅಜ್ಜಿಗೆ ತಾನೇ ತಿಳಿಸಿ ಹೇಳಿದಳು. ಹಸಿದಾಗ ರೊಟ್ಟಿಯ ಚೂರು ಬಾಯಿಗೆ ಹಾಕಿಕೊಂಡು ಕಾಯುತ್ತ ಕೂಡುತ್ತಿದ್ದಳು.

ಹಾಲು ಕಟ್ಟಿ ಎದೆ ಕಲ್ಲಾಯಿತು. ಅವ್ವ ಫೋನಿನಲ್ಲಿ, ಮಲ್ಲಿಗೆ ಹೂ ಇಟ್ಟು ಕಟ್ಟಿಕೋ, ಹಾಲು ಬತ್ತುತ್ತದೆ ಎಂದಳು, ಅತ್ತೆ ಹಳೆಯ ಸೀರೆ ಹರಿದು ಬಿಗಿಯಾಗಿ ಕಟ್ಟಿದರು. ಹಿಂಡಿದ ಹಾಲನ್ನು ತುಳಿಯುವ ಜಾಗದಲ್ಲಿ ಚೆಲ್ಲಬಾರದಂತೆ. ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದು ಬರುತ್ತಿದ್ದೆ. ಅಂಗಳದಲ್ಲಿ ಅವಳು ಕಾಯುತ್ತ ಕೂತಿರುವಾಗ ಇತ್ತ ಗಿಡಕ್ಕೆ ಹಾಲೆರೆಯುವ ನನ್ನ ಕೈಗೆ ಬೆಂಕಿ ಬೀಳಲಿ ಎನ್ನಿಸುತ್ತಿತ್ತು. ಒಂದು ಮಾತು, ಹೂಂ ಎಂಬ ಒಂದು ಮಾತು ಸಾಕಿತ್ತು, ಅವಳು ಓಡಿಬಂದು ತೊಡೆಯ ಮೇಲೆ ಬೀಳುತ್ತಿದ್ದಳು.

ನಾಲ್ಕನೆಯ ದಿನ ತಡೆಯಲಾಗಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಹತ್ತಿರ ಹೋಗಿ, "ಹೂಂ ಅಂದ ಬಿಡ್ಲೇನ್ರಿ ಅತ್ತಿ?" ಎಂದು ಕೇಳಿದೆ.

ಬೈಯುತ್ತಾರೆ ಎಂದುಕೊಂಡೆ. ಅವರು ರೊಟ್ಟಿ ಮಗುಚಿ ಹಾಕಿ, ನನ್ನ ಕಡೆ ನೋಡದೆ ಹೇಳಿದರು: "ನಾನೂ ಒಮ್ಮಿ ಹೂಂ ಅಂದಿದ್ನಿ. ನಿನ್ನ ಗಂಡ ಸಾಲಿಗಿ ಹೋಗೂತನಕ ಬಿಡಲಿಲ್ಲ." ಮುಂದಿನ ರೊಟ್ಟಿಗೆ ಹಿಟ್ಟು ನಾದುತ್ತ, ಅವನು ಬಿಟ್ಟ ದಿನ ತಾನು ಉಣ್ಣಲಿಲ್ಲ ಎಂದೂ ಹೇಳಿದರು. ಅತ್ತೆ ಅಷ್ಟು ವರ್ಷದಲ್ಲಿ ತಮ್ಮ ಬಗ್ಗೆ ನನಗೆ ಹೇಳಿದ್ದು ಅದೊಂದೇ. ನಾನು ಹೂಂ ಅನ್ನಲಿಲ್ಲ.

ದಿನಕ್ಕೆ ಮೂರು ಸಲ ಕೇಳುವವಳು ಒಂದು ಸಲಕ್ಕೆ ಬಂದಳು. ಆಮೇಲೆ ಎರಡು ದಿನಕ್ಕೊಮ್ಮೆ. ಆಮೇಲೆ ಕೇಳುವುದನ್ನೇ ಬಿಟ್ಟಳು. ಕಡೆಯ ಸಲ ಯಾವತ್ತು ಕೇಳಿದಳು ಎಂಬುದೂ ನನಗೆ ನೆನಪಿಲ್ಲ. ಕಡೆಯ ಸಲ ಕುಡಿದದ್ದು ಮಾತ್ರ ಗೊತ್ತು. ಆಗ ನಾನು ಯಾರದೋ ಮದುವೆಯ ಫೋಟೊ ನೋಡುತ್ತಿದ್ದೆ. ನನ್ನ ಕಡೆ ನೋಡು ಎಂದೇ ಕಚ್ಚಿದ್ದಳೋ ಏನೋ. ಆ ಮದುವೆಯ ಮದುಮಗಳ ಸೀರೆಯ ಬಣ್ಣ ನನಗೆ ಇವತ್ತಿಗೂ ನೆನಪಿದೆ, ಮಗಳ ಕಣ್ಣು ಆಗ ತೆರೆದಿದ್ದವೋ ಮುಚ್ಚಿದ್ದವೋ ನೆನಪಿಲ್ಲ.

ತಕ್ಕಡಿಯ ಮುಳ್ಳು ಸರಿಯಿತು. ಎಲ್ಲರಿಗೂ ಸಂತೋಷವಾಯಿತು, ನನಗೂ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಕೂತಲ್ಲಿ ನಿಂತಲ್ಲಿ ತೊಡೆ ಬರಿದಾಗಿರುತ್ತಿತ್ತು. ಅವಳು ತಿರುವುತ್ತಿದ್ದ ತಾಳಿಯ ಗುಂಡನ್ನು ನಾನೇ ತಿರುವುತ್ತ ಕೂಡುತ್ತಿದ್ದೆ.

ಎರಡು ತಿಂಗಳ ಮೇಲೆ ಒಂದು ರವಿವಾರ ಅತ್ತೆ ಮಂಗಸೂಳಿಗೆ, ಗಂಡ ಕಬ್ಬಿನ ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಮಗಳು ಹಿತ್ತಲ ಕಟ್ಟೆಯ ಮೇಲೆ ಕೂತು ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ತಿನ್ನುತ್ತಿದ್ದಳು. ಎದೆಯಲ್ಲಿ ಒಂದು ಹನಿಯೂ ಉಳಿದಿಲ್ಲವೆಂದು ನನಗೆ ಗೊತ್ತಿತ್ತು. ನನಗೆ ಬೇಕಾಗಿದ್ದು ಒಂದೇ ಸಲ, ಈ ಸಲ ಕಣ್ಣು ತುಂಬ ನೋಡುತ್ತ. ಅವಳ ಪಕ್ಕ ಕೂತು ಕುಪ್ಪಸದ ಗುಂಡಿ ಬಿಚ್ಚಿದೆ.

"ಬಾರವ್ವಾ," ಎಂದೆ. "ದೇವರ ಉಂಡಾನ."

ಅವಳು ಅಗಿಯುವುದನ್ನು ನಿಲ್ಲಿಸಿದಳು. ಬಾಗಿ ನೋಡಿದಳು. ಬೆರಳಿನಿಂದ ಮೆಲ್ಲಗೆ ಮುಟ್ಟಿ, ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಬಾಯ ತುಂಬ ರೊಟ್ಟಿ ಇಟ್ಟುಕೊಂಡೇ ಹೇಳಿದಳು:

"ನಂಗ ಸಾಕವ್ವಾ. ಆಕಳಿಗಿ ಹಾಕ."