ಮಾಲೆ ಹರಿದ ಮಧ್ಯಾಹ್ನ

ನನ್ನ ಬಾಯಿ ಜೋರು ಎನ್ನುವುದು ಮಿಡಿಗೇಶಿ ಬಸ್ಸಿನ ಕಂಡಕ್ಟರಿಗೂ ಗೊತ್ತು. ಸಮುದಾಯ ಆರೋಗ್ಯ ಕೇಂದ್ರದ ಡ್ರೆಸ್ಸಿಂಗ್ ರೂಮಿನಲ್ಲಿ ಇಷ್ಟು ವರ್ಷ ನರ್ಸ್ ಆಗಿರುವವಳ ಬಾಯಿ ಮೆತ್ತಗಿರಲು ಹೇಗೆ ಸಾಧ್ಯ? ಸಂತೆಯ ಮಾರನೇ ದಿನ ಹುಬ್ಬು ಒಡೆದ, ಬೆರಳು ಮುರಿದ ಹೆಂಗಸರು ಬೆಂಚಿನ ತುಂಬ. "ಬಚ್ಚಲಲ್ಲಿ ಜಾರಿ ಬಿದ್ದೆ ಸಿಸ್ಟ್ರೆ" ಎನ್ನುವರು. ಊರಿನ ಬಚ್ಚಲೆಲ್ಲ ಸಂತೆಯ ದಿನವೇ ಜಾರುತ್ತಿದ್ದವು. ನಾನು ಬೈಯುತ್ತ ಹೊಲಿಗೆ ಹಾಕಿ ಕಳಿಸುತ್ತಿದ್ದೆ. ಹೊಡೆದವನನ್ನು ಮಾತ್ರ ಯಾರೂ ಆಸ್ಪತ್ರೆಗೆ ಕರೆತರುತ್ತಿರಲಿಲ್ಲ.

ಆಮೇಲೆ, ಸೊಳ್ಳೆ ಔಷಧಿಯ ಡಬ್ಬಗಳಿದ್ದ ಮೂಲೆ ಕೋಣೆಗೆ ಸುಣ್ಣ ಬಳಿದು, ಎರಡು ಮಂಚ ಹಾಕಿ, ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆ ಎಂದು ಬೋರ್ಡು ಬರೆಸಿದರು. ವಾರಕ್ಕೊಮ್ಮೆ ತುಮಕೂರಿನಿಂದ ಮನೋವೈದ್ಯರು ಬರತೊಡಗಿದರು. ಜನ ಅದಕ್ಕೆ 'ಹುಚ್ಚರ ರೂಮು' ಎಂದು ಹೆಸರಿಟ್ಟು ಕೈತೊಳೆದುಕೊಂಡರು. ಬಿಪಿ ಮಾತ್ರೆಗೆ ಬಂದವರೂ ಆ ಬಾಗಿಲು ತಪ್ಪಿಸಿ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಮನೋವೈದ್ಯರು ನಮಗೆಲ್ಲ ಒಂದು ಮಾತು ಹೇಳಿಕೊಟ್ಟಿದ್ದರು: ವರ್ಷಗಟ್ಟಲೆ ಬೆಳಗೆದ್ದು ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನಕ್ಕೆ ಮೈ ನಡುಗಿ, ಇಲ್ಲದ್ದೆಲ್ಲ ಕಣ್ಣಿಗೆ ಕಂಡು, ಸನ್ನಿ ಹಿಡಿದವನಂತಾಗುತ್ತಾನೆ. ಪ್ರಾಣವೂ ಹೋಗಬಹುದು. ಔಷಧಿ ಕೊಟ್ಟೇ ಬಿಡಿಸಬೇಕು.

ನಮ್ಮ ಕಡೆ ಒಮ್ಮೆಗೇ ಬಿಡಿಸುವುದಕ್ಕೆ ಬೇರೆ ದಾರಿ ಇದೆ. ಚಳಿ ಶುರುವಾದರೆ ಅಯ್ಯಪ್ಪನ ಮಾಲೆ ಹಾಕಿಸುತ್ತಾರೆ. ಮಾಲೆ ಬಿದ್ದ ಗಂಡಸು ಸ್ವಾಮಿ. ಹೆಂಡತಿಯೂ, ಹೆತ್ತ ತಾಯಿಯೂ ಅವನನ್ನು ಸ್ವಾಮಿ ಎಂದೇ ಕರೆಯಬೇಕು. ಯಾತ್ರೆ ಮುಗಿಯುವ ತನಕ ಕುಡಿತ ಬಂದ್. ಎಷ್ಟೋ ಮನೆಗಳಿಗೆ ವರ್ಷದಲ್ಲಿ ಅದೊಂದೇ ನೆಮ್ಮದಿಯ ಕಾಲ. ಅದನ್ನು ನಾನು ಹಗುರವಾಗಿ ಕಾಣುವವಳಲ್ಲ.

ಆ ಮಧ್ಯಾಹ್ನ ಬಡವನಹಳ್ಳಿ ಕಡೆಯ ಒಬ್ಬ ಹೆಂಗಸನ್ನು ಆಟೋದಲ್ಲಿ ತಂದರು. ಮುದ್ದೆ ಕೋಲಿನ ಏಟಿಗೆ ನೆತ್ತಿ ಸೀಳಿತ್ತು. ಸೆರಗೆಲ್ಲ ರಕ್ತ, ಕೂದಲ ತುಂಬ ರಾಗಿ ಹಿಟ್ಟು.

"ಯಾರು ಹೊಡೆದಿದ್ದು?"

"ಸ್ವಾಮಿ."

"ಯಾವ ಸ್ವಾಮಿ?"

"ನಮ್ಮೆಜಮಾನ್ರು ಕಣಕ್ಕ. ಮೊನ್ನೆ ಮಾಲೆ ಹಾಕುಸ್ದೊ. ಇವತ್ತು ಒಲೆ ತುಂಬ ಹಾವು ಅವೆ ಅಂತ ಬಡಿಯಕ್ಕೆ ಸುರು ಮಾಡುದ್ರು. ನಾನು ಒಲೆ ಮುಂದಿದ್ದೆ."

"ದಿನಾ ಬೆಳಿಗ್ಗೇನೇ ಕುಡೀತಿದ್ದನಾ?"

"ಮಕ ತೊಳ್ಯಕ್ಕೂ ಮುಂಚೆ."

ಮನೋವೈದ್ಯರು ಹೇಳಿದ್ದ ಸನ್ನಿ ಇದೇ. ಡಾಕ್ಟರನ್ನು ಕರೆಯಲು ಆಯಾಳನ್ನು ಓಡಿಸಿ ಹೊಲಿಗೆ ಶುರು ಮಾಡಿದೆ. ಅಷ್ಟರಲ್ಲಿ ಆ ಗಂಡನೇ ಬಂದ. ಅವನ ಜೊತೆ ಮಾಲೆ ಹಾಕಿದ್ದ, ಕಪ್ಪು ಪಂಚೆ ಉಟ್ಟ ಸ್ವಾಮಿಗಳು ಅವನನ್ನು ಟೆಂಪೋದಲ್ಲಿ ತಂದಿದ್ದರು. ಸನ್ನಿಗಲ್ಲ, ಒಲೆಯೊಳಗಿನ ಹಾವು ಹಿಡಿಯಲು ಹೋಗಿ ಸುಟ್ಟುಕೊಂಡಿದ್ದ ಅಂಗೈಗೆ ಮುಲಾಮು ಹಚ್ಚಿಸಲು! ಮೈಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿತ್ತು. ಡ್ರಿಪ್ ಸ್ಟ್ಯಾಂಡಿನ ನಳಿಕೆ ಅವನಿಗೆ ಹಾವಾಗಿ ಕಂಡಿರಬೇಕು. ಸ್ಟ್ಯಾಂಡನ್ನೇ ಎತ್ತಿ ಕಿಟಕಿಗೆ ಬಡಿದ. ಗಾಜು ಸುರಿಯಿತು. ತಡೆಯಲು ಹೋದ ನನ್ನ ಹೊಟ್ಟೆಗೆ ಒದ್ದ. ಸ್ಟ್ಯಾಂಡು ಬಿಸಾಡಿ ಹೆಂಡತಿಯ ಜುಟ್ಟು ಹಿಡಿದ. ಸೂಜಿದಾರ ಇನ್ನೂ ಅವಳ ನೆತ್ತಿಯಲ್ಲಿ ನೇತಾಡುತ್ತಿತ್ತು. ಅದೇ ತಲೆಯನ್ನು ಗೋಡೆಗೆ ಅಪ್ಪಳಿಸಿದ.

"ಬುಡಿ ಸ್ವಾಮಿ! ಬುಡಿ ಸ್ವಾಮಿ!" ಎಂದು ಅವಳು ಕಿರುಚುತ್ತಿದ್ದಳು. ಪ್ರಾಣ ಹೋಗುವಂತಿದ್ದಾಗಲೂ ಅವಳ ಬಾಯಲ್ಲಿ ಆ ಮರ್ಯಾದೆ ತಪ್ಪಲಿಲ್ಲ.

ಜೊತೆಗೆ ಬಂದವರು ಬಾಗಿಲಲ್ಲಿ ಕೈಮುಗಿದು ನಿಂತಿದ್ದರು. "ಅಯ್ಯಪ್ಪ ಮೈಮೇಲೆ ಬಂದವ್ನೆ" ಎಂದ ಒಬ್ಬ. ಇಬ್ಬರು ಅಡ್ಡಬಿದ್ದರು.

"ಹಿಡ್ಕೊಳ್ರೋ!" ಎಂದು ಕೂಗಿದೆ.

"ದೇವ್ರು ಬಂದಿರೋ ಮೈ ಸಿಸ್ಟ್ರೆ, ಅಂಗೆಲ್ಲ ಮುಟ್ಟಂಗಿಲ್ಲ."

"ಮುಟ್ಟಬೇಡಿ. ಹೆಣ ಎತ್ತೋಕೆ ಬನ್ನಿ!"

ಆಗ ಅವಳ ಕೈ ಮೇಲೆ ಬಂತು. ಗಂಡನ ಕೊರಳಿನ ಮಾಲೆಗೆ ಬೆರಳು ಸಿಕ್ಕಿಸಿ ಎಳೆದಳು. ದಾರ ಹರಿದು ಮಣಿಗಳು ರಕ್ತದ ಮೇಲೆಲ್ಲ ಉರುಳಿದವು. "ದೇವ್ರಾಗಿದ್ರೆ ಇಂಗೆ ಹೊಡೀತಿರ್ಲಿಲ್ಲ ಕಣ್ರೋ" ಎಂದಳು.

ಕೈಮುಗಿದು ನಿಂತಿದ್ದವರು ಒಂದು ಗಳಿಗೆ ಬೆಪ್ಪಾದರು. ಮರುಗಳಿಗೆ ಅವರೇ ಅವನ ಮೇಲೆ ಬಿದ್ದರು. "ಕುಡುಕ ನನ್ಮಗ್ನೆ" ಎನ್ನುತ್ತ ಪಕ್ಕೆಗೆ ಒದ್ದರು. ಅಡ್ಡಬಿದ್ದಿದ್ದವನೇ ಆ ಸುಟ್ಟ ಅಂಗೈಯನ್ನು ಹಿಮ್ಮಡಿಯಿಂದ ತುಳಿದ. ಮಾಲೆ ಇದ್ದಾಗ ಮುಟ್ಟಲಾಗದ ಮೈ, ಹರಿದ ಮೇಲೆ ಹಾದಿಬೀದಿಯ ನಾಯಿಯದಾಯಿತು. ನನಗೆ ರೋಸಿಹೋಯಿತು. ಬಿದ್ದಿದ್ದ ಡ್ರಿಪ್ ಸ್ಟ್ಯಾಂಡ್ ಎತ್ತಿಕೊಂಡು ಬೀಸಿದೆ. ಯಾರ ಬೆನ್ನಿಗೆ ಎಷ್ಟು ಬಿತ್ತೋ ತಿಳಿಯದು. ಬಿದ್ದಿದ್ದಕ್ಕೆ ಸಂತೋಷವೇ.

ಡಾಕ್ಟರು ಓಡಿಬಂದರು. ಮನೋವೈದ್ಯರನ್ನು ಫೋನಿನಲ್ಲಿ ಕೇಳಿ ಇಂಜೆಕ್ಷನ್ ಕೊಟ್ಟೆವು. ಪಕ್ಕೆಲುಬು ಮುರಿದಿದ್ದ ಅವನೇ ಮೂಲೆ ಕೋಣೆಯ ಮಂಚದಲ್ಲಿ ಮಲಗಿದ ಮೊದಲ ರೋಗಿಯಾದ. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಉಳಿದ ಹೊಲಿಗೆಗಳನ್ನು ಹಾಕಿದೆ.

ಅವನು ಬದುಕಿದ. ಇವತ್ತಿಗೂ ಕುಡಿದಿಲ್ಲ. ಈಗ ಮಾಲೆ ಹಾಕಿಸುವ ಗುರುಸ್ವಾಮಿಯೇ ಬಹಳ ಕುಡಿಯುವವರನ್ನು ಮಾಲೆಗೆ ಮುಂಚೆ ನಮ್ಮಲ್ಲಿಗೆ ಅಟ್ಟುತ್ತಾರೆ, ಎರಡು ಮಂಚ ಸಾಲುತ್ತಿಲ್ಲ. ಆದರೆ ಊರಿನಲ್ಲಿ ಅವಳು ಮಾಲೆ ಕಿತ್ತವಳು. ಯಾರ ಮನೆಯ ಎಮ್ಮೆ ಸತ್ತರೂ ಅವಳ ಕಡೆ ನೋಡುತ್ತಾರೆ, ಅರಿಸಿನ ಕುಂಕುಮಕ್ಕೆ ಯಾರೂ ಕರೆಯುವುದಿಲ್ಲ. ಒದ್ದವರನ್ನು ಯಾರೂ ಏನೂ ಕೇಳಲಿಲ್ಲ. ನೆನೆದರೆ ಇವತ್ತೂ ನನ್ನ ಮೈ ಉರಿಯುತ್ತದೆ.

ಮೊನ್ನೆ ಗಂಡನ ಮಾತ್ರೆಗೆ ಅವಳೊಬ್ಬಳೇ ಬಂದಿದ್ದಳು. ತೆಗೆದುಕೊಂಡ ಮೇಲೂ ಹೋಗಲಿಲ್ಲ.

"ಕುಡ್ದಾಗ್ಲೂ ಹೊಡುದ್ರು, ಬುಟ್ಟಾಗ್ಲೂ ಹೊಡುದ್ರು. ಈಗ ಹೊಡ್ಯಲ್ಲಕ್ಕ. ಆದ್ರೆ ಅವ್ರು ತಲೆ ಬಾಚ್ಕಳಕ್ಕೆ ಕೈ ಎತ್ತುದ್ರೂ ನಾನು ಕುಕ್ಕರಿಸ್ಬುಡ್ತೀನಿ. ಅವ್ರು ನಗ್ತಾರೆ. ನಂಗೆ ನಗಾಕಾಗಲ್ಲ. ಇದುಕ್ಕೇನಾರ ಮಾತ್ರೆ ಐತಾ?"

"ಬಾ ಒಳಗೆ, ಡಾಕ್ಟರು ಬರ್ತಾರೆ" ಎಂದು ಮೂಲೆ ಕೋಣೆಗೆ ಕರೆದುಕೊಂಡು ಹೋದೆ. ಕುರ್ಚಿಯಲ್ಲಿ ಕೂರಿಸಿ, ಸೆಕೆಯೆಂದು ಫ್ಯಾನಿನ ಸ್ವಿಚ್ಚಿಗೆ ಕೈ ಎತ್ತಿದೆ. ತಿರುಗಿ ನೋಡಿದರೆ ಅವಳು ಎರಡೂ ಕೈಯಿಂದ ನೆತ್ತಿ ಮುಚ್ಚಿಕೊಂಡು ನೆಲಕ್ಕೆ ಕುಕ್ಕರಿಸಿದ್ದಳು. ನಾನು ಕೈ ಇಳಿಸಿ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತೆ.