ಬಲಗಡೆ ಚಕ್ರ ದಾರೀಲದೆ

ನಿಮಗೂ ಇಂಗಾಗಿದ್ಯಾ, ಮೊದ್ಲು ಅದನ್ನ ಹೇಳ್ಬುಡಿ. ಗಾಡಿಗೆ ಏನೋ ಒಂದು ಸಾಮಾನು ಬೇಕು ಅಂತ ದೂರದೂರಿನ ಅಂಗಡಿಯೋನಿಗೆ ಫೋನ್ ಮಾಡ್ತೀರಿ. ಕಾಸು ಹಾಕೋವರ್ಗೂ ಅವ್ನು ಒಡಹುಟ್ಟಿದೋನಿಗಿಂತ ಹೆಚ್ಚು. ಮೊದಲ್ನೇ ರಿಂಗಿಗೇ ಎತ್ತುತಾನೆ, ಫೋಟೋ ಕಳಿಸ್ತಾನೆ, ವಿಡಿಯೋ ಕಳಿಸ್ತಾನೆ, ಬೆಳಗ್ಗೆ ಎದ್ದರೆ ಗುಲಾಬಿ ಹೂವಿನ ಮೇಲೆ ಶುಭೋದಯ ಬೇರೆ. ಕಾಸು ಹೋಯ್ತು ನೋಡಿ, ಅದರ ಹಿಂದೇನೇ ಶುಭೋದಯವೂ ಹೋಯ್ತು. ಆಮೇಲೆ ನೀವು ಎಷ್ಟು ಬಡ್ಕೊಂಡ್ರೂ ಬರೋದು ಒಂದೇ ಉತ್ತರ: ದಾರೀಲದೆ.

ನನಗೆ ಆಗದೆ ಕಣ್ರಪ್ಪ. ಅದನ್ನ ಹೇಳ್ಕೊಳ್ಳೋಕೇ ಇವತ್ತು ಕೂತಿರೋದು. ನಾನು ಪಾಂಡವಪುರದೋನು, ನಲವತ್ತು ದಾಟಿ ಐವತ್ತರ ಕಡೆಗೆ ಗೇರ್ ಹಾಕಿರೋ ಆಸಾಮಿ. ಬಾಯಿ ಸ್ವಲ್ಪ ಜೋರು ಅಂತ ನಿಮಗೆಲ್ಲ ಗೊತ್ತೇ ಅದೆ. ಈ ಕತೇಲಿ ಆ ಜೋರು ಬಾಯಿಂದ ನಯಾಪೈಸೆ ಉಪಯೋಗ ಆಗ್ಲಿಲ್ಲ ಅನ್ನೋದನ್ನ ಮೊದ್ಲೇ ಒಪ್ಕೊಂಡ್ಬುಡ್ತೀನಿ.

ನನ್ನ ತಂಗಿ ಪದ್ಮನ್ನ ಅಕ್ಕಿಹೆಬ್ಬಾಳಿಗೆ ಕೊಟ್ಟಿದೀವಿ. ಚಿಕ್ಕಂದಿನಿಂದ ಅವಳ ಒಂದು ಕಾಲಲ್ಲಿ ಶಕ್ತಿ ಕಮ್ಮಿ. ಅಲ್ಲಿ ಕಮ್ಮಿ ಆಗಿದ್ದನ್ನೆಲ್ಲ ದೇವ್ರು ನಾಲಿಗೇಲಿ ಇಟ್ಟವ್ನೆ. ಕೆ.ಆರ್. ಪೇಟೇಲಿ ಒಂದು ಪುಟ್ಟ ಅಂಗಡಿ ಇಟ್ಕೊಂಡು ರವಿಕೆ ಹೊಲೀತಾಳೆ. ಅವಳ ಗಂಡ ಶಿವಣ್ಣ ಹಸ ಕರೆದು, ಡೈರಿಗೆ ಹಾಲು ಹಾಕಿ, ಆಮೇಲೆ ಇವಳನ್ನ ಬೈಕಲ್ಲಿ ಕೂರಿಸ್ಕೊಂಡು ಪೇಟೆಗೆ ಬುಡ್ಬೇಕು. ಹಸ ಒದ್ದ ದಿನ ಅಂಗಡಿ ಲೇಟು. ಕರ ಮೊಲೆ ಬುಡ್ದೇ ಇದ್ದ ದಿನ ಇನ್ನೂ ಲೇಟು. ಬಟ್ಟೆ ಹಿಡ್ಕೊಂಡು ಬಂದ ಹೆಂಗಸ್ರು ಮುಚ್ಚಿದ ಬಾಗ್ಲು ನೋಡಿ ಮುಂದಿನ ಬೀದಿ ಟೈಲರ್ ತಾವ ಹೋಗ್ಬುಡೋರು.

ಒಂದಿನ ನನ್ನ ಮನೇಲಿ ಮುದ್ದೆ ಉಣ್ತಾ ಉಣ್ತಾ ಅಂದ್ಲು, "ಅಣ್ಣ, ಹುಟ್ಟಿದಾಗಿಂದ ಯಾರ್ದಾರಾ ಬೆನ್ನು ನೋಡ್ಕಂಡೇ ಊರು ತಿರುಗಿದೀನಿ. ಮೊದ್ಲು ಅಪ್ಪನ ಬೆನ್ನು, ಆಮೇಲೆ ನಿನ್ನ ಬೆನ್ನು, ಈಗ ಇವ್ರ ಬೆನ್ನು. ಪೇಟೆ ರಸ್ತೆ ಎಂಗದೆ ಅಂತ ಯಾರಾರಾ ಕೇಳುದ್ರೆ, ಬಿಳೀ ಶರಟು, ಕಾಲರ್ ತಾವ ಸವೆದದೆ ಅಂತ ಹೇಳ್ಬೇಕು. ಒಂದು ಸ್ಕೂಟ್ರು ತಕ್ಕೊಡು. ಗೌರಿ ಹಬ್ಬದ ರವಿಕೆ ಸೀಸನ್ನಿಗೆ ನಾನೇ ಓಡುಸ್ಕಂಡು ಓಗಿ ಅಂಗಡಿ ಬಾಗ್ಲು ತೆಗೀಬೇಕು."

ಶಿವಣ್ಣ ಪಕ್ಕದಲ್ಲೇ ಕೂತಿದ್ದ. ಕಾಲರ್ ಮುಟ್ಟಿ ನೋಡ್ಕೊಂಡ.

ನಾಗಮಂಗಲದಲ್ಲಿ ಒಬ್ಬರು ಮೇಷ್ಟ್ರ ಹಳೇ ಸ್ಕೂಟರ್ ಸಿಕ್ತು. ಮದುವೆ ಹೆಣ್ಣಿನಂಗೆ ಇಟ್ಟಿದ್ರು. ಮನೆಗೆ ತಂದು, ಅರಿಸಿನ ಕುಂಕುಮ ಇಟ್ಟು, ಹ್ಯಾಂಡಲ್‌ಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಎದುರಿಗೆ ನಿಂತು ಒಂದು ಫೋಟೋ ಹೊಡ್ದೆ. ಈ ಫೋಟೋ ನೆನಪಿಟ್ಕೊಳಿ, ಮುಂದೆ ನನ್ನ ಮಾನ ಕಳೆಯೋದು ಇದೇ.

ಇನ್ನು ಬೇಕಾಗಿದ್ದು ಹಿಂದಗಡೆ ಎರಡೂ ಪಕ್ಕಕ್ಕೆ ಹಾಕೋ ಸಣ್ಣ ಚಕ್ರ. ಗಾಡಿ ನಿಂತಾಗ ಕಾಲು ಊರೋ ಕೆಲಸ ಇರಲ್ಲ. ಶ್ರೀರಂಗಪಟ್ಟಣದ ನಮ್ಮ ಮೆಕ್ಯಾನಿಕ್ ಭಾಯ್ ನೋಡಿ, "ಹಾಕೋದು ನನ್ಗೆ ಬಿಡಿ ಅಣ್ಣ, ತರ್ಸೋದು ನಿಮ್ದು" ಅಂದ್ರು. ಹುಬ್ಬಳ್ಳಿ ಕಡೆ ಒಬ್ಬ ಮಾರ್ತಾನೆ ಅಂತ ನಂಬರ್ ಸಿಕ್ತು. ಬಸಣ್ಣ ಅಂತ. ಗುಲಾಬಿ ಹೂವು, ಶುಭೋದಯ, ಎಲ್ಲ ಆಯ್ತು. ಕಾಸು ಹಾಕ್ದೆ.

ಸ್ವಲ್ಪ ದಿನಕ್ಕೆ ಒಂದು ಪೆಟ್ಟಿಗೆ ಬಂತು. ಒಳಗೆ ಒಂದೇ ಚಕ್ರ. ಎಡಗಡೇದು. ಬಲಗಡೇದು ಎಲ್ಲಿ ಅಂತ ಫೋನ್ ಮಾಡ್ದೆ.

"ದಾರ್ಯಾಗ ಐತ್ರಿ ಸರ."

"ಯಾವ ದಾರೀಲಿ?"

"ಬರೂ ದಾರ್ಯಾಗ್ರಿ."

ಅದು ದಾರಿ, ಅದರಲ್ಲಿ ಚಕ್ರ ಅದೆ, ಅದು ಬರ್ತಾ ಅದೆ. ಯೋಗಿಗಳು ಮಾತಾಡ್ದಂಗೆ.

ಬೈಯೋಕೆ ನಮಗೇನು ಯೋಗ್ಯತೆ ಅದೆ ಅಂತಲೂ ಒಂದೊಂದ್ಸಲ ಅನ್ನಿಸ್ತದೆ. ನಮ್ಮ ಕಡೆ ಯಾರನ್ನಾದ್ರೂ ಫೋನ್ ಮಾಡಿ ಎಲ್ಲಿದೀಯ ಅಂತ ಕೇಳಿ ನೋಡಿ. ಸೊಂಟಕ್ಕೆ ಟವೆಲ್ ಸುತ್ಕೊಂಡು ಬಚ್ಚಲ ಬಾಗ್ಲಲ್ಲಿ ನಿಂತಿರೋನು, "ಇಲ್ಲೇ ರೈಲ್ವೆ ಸ್ಟೇಷನ್ ತಾವ ಬಂದ್ಬುಟ್ಟೆ" ಅಂತಾನೆ. ಗೋವಿಂದನಹಳ್ಳಿ ಪಂಚಲಿಂಗೇಶ್ವರನ ಗುಡಿ ನೋಡಿದೀರಲ್ಲ, ಸಾಲಾಗಿ ಐದು ಗರ್ಭಗುಡಿ? ನಾನು ಅಲ್ಲಿ ಹೋದಾಗಲೆಲ್ಲ ಯೋಚನೆ ಮಾಡ್ತೀನಿ. ನಾಕು ಕಟ್ಟಿ ಮುಗಿಸಿ, ಐದನೇದಕ್ಕೆ ಕಲ್ಲು ಎಲ್ಲಪ್ಪ ಅಂತ ಮೇಲಿನೋರು ಕೇಳ್ದಾಗ, ಆ ಶಿಲ್ಪಿ ಏನಂದಿರ್ತಾನೆ? ಎತ್ತಿನ ಗಾಡೀಲಿ ದಾರೀಲದೆ ಬುದ್ಧಿ ಅಂತಾನೇ ಅಂದಿರ್ತಾನೆ. ಒಂದೇ ಸಮಾಧಾನ ಅಂದ್ರೆ, ಆ ಕಲ್ಲು ನಿಜವಾಗ್ಲೂ ಬಂದದೆ.

ನಮ್ಮ ಚಕ್ರ ಬರ್ಲಿಲ್ಲ. ಬಂದಿದ್ದ ಎಡಗಡೇದನ್ನ ಪದ್ಮ ಜಗಲಿ ಮೇಲೆ ಮೊಳೆಗೆ ನೇತಾಕಿದ್ಲು. ಹೋಗೋರು ಬರೋರಿಗೆಲ್ಲ ಅದೊಂದು ತಮಾಷೆ. ಎದುರು ಮನೆ ಕಾಳಮ್ಮ ದಿನಾ ಕೇಳೋಳು, "ಏನವ್ವ ಪದ್ಮ, ಇನ್ನರ್ಧ ಗಾಡಿ ಯಾವಾಗ ಬತ್ತದೆ?" ಪದ್ಮನೂ ಬುಡೋಳಲ್ಲ. "ನಿನ್ ಮಗ ಕೆಲ್ಸಕ್ಕೆ ಓಗೋ ದಿನ ಬತ್ತದೆ ಕಣಕ್ಕ" ಅನ್ನೋಳು. ನಗೋರು ಇಬ್ಬರೂವೆ. ಆದ್ರೆ ಕಾಳಮ್ಮ ಒಳಗೆ ಹೋದ ಮೇಲೆ ಇವಳು ಆ ಚಕ್ರನ ಬೆರಳಲ್ಲಿ ಒಂದು ಸುತ್ತು ತಿರುಗಿಸಿ ಬುಡೋಳು. ಅದು ಸುತ್ತಿ ಸುತ್ತಿ ನಿಲ್ಲೋವರ್ಗೂ ನೋಡೋಳು. ನಾನು ಕಂಡಿದೀನಿ. ಆಷಾಢ ಕಳೀತಾ ಬಂದಿತ್ತು, ಸೀಸನ್ನು ತಲೆ ಮೇಲೆ ಕೂತಿತ್ತು.

ನಾನು ನನ್ನ ಪ್ರತಾಪ ಶುರು ಮಾಡ್ದೆ. ಮೆಸೇಜ್ ಮೇಲೆ ಮೆಸೇಜ್. ಅವ್ನು ಒಂದು ಹೆಬ್ಬೆರಳು ಕಳಿಸೋನು. ಹೆಬ್ಬೆರಳಿಗೆ ಏನರ್ಥ? ಕಳಿಸ್ದೆ ಅಂತಲಾ, ಓದ್ದೆ ಅಂತಲಾ, ಇಲ್ಲಾ ಏನ್ ಕಿತ್ಕೊಳ್ತೀಯೋ ಕಿತ್ಕೋ ಅಂತಲಾ? ಸಿಟ್ಟು ನೆತ್ತಿಗೇರಿ, ಹಾರ ಹಾಕಿದ್ದ ಆ ಸ್ಕೂಟರ್ ಫೋಟೋ ತೆಗೆದು, ಒಂದು ಕಡೆಗೆ ಕೆಂಪು ಬಾಣ ಹಾಕಿ, "ಈ ಕಡೇದು ಎಲ್ರೀ ಸ್ವಾಮಿ?" ಅಂತ ಕಳಿಸ್ದೆ. ಎರಡನೇ ಪೆಟ್ಟಿಗೆ ಬಂತು. ನಾನೇ ಗೆದ್ದೆ ಅಂತ ಎದೆ ಉಬ್ಬಿಸ್ಕೊಂಡು ಅಕ್ಕಿಹೆಬ್ಬಾಳಿಗೆ ಹೋಗಿ ಎಲ್ಲರೆದುರಿಗೆ ಬಿಚ್ಚಿದ್ರೆ, ಅದೂ ಎಡಗಡೇದೇ!

ಸೈಲೆನ್ಸರ್ ಬಲಗಡೆ ಇರ್ತದೆ, ಅದಕ್ಕೆ ಆ ಕಡೆ ಚಕ್ರದ ಕಬ್ಬಿಣ ಬೇರೆ ಥರ ಬಗ್ಗಿರ್ಬೇಕು. ಇದನ್ನ ಅಲ್ಲಿಗೆ ಹಾಕೋಕಾಗಲ್ಲ. ಕಾಳಮ್ಮ ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು, "ಎಲ್ಡೂ ಎಡಗಡೀಕೆ ಹಾಕ್ಬುಡಿ, ಪೇಟೆ ಎಡಗಡೀಕೆ ತಾನೇ ಇರೋದು" ಅಂದ್ಲು. ನಾನು ಊರೋರೆಲ್ಲ ಓದೋ ಹಂಗೆ ಒಂದು ಪೋಸ್ಟ್ ಜಡಿದೆ. ನಿಮ್ಮಲ್ಲಿ ಎಷ್ಟೋ ಜನ ಓದಿ, ನನ್ನ ಪರವಾಗಿ ಬೈದಿದ್ರಿ, ಥ್ಯಾಂಕ್ಸು. ಫಲ ಏನು ಗೊತ್ತಾ? ಅಲ್ಲೀವರ್ಗೂ ಬರ್ತಿದ್ದ ಹೆಬ್ಬೆರಳೂ ನಿಂತೋಯ್ತು.

ಆಗ ಪದ್ಮ ಅಂದ್ಲು, "ಅಣ್ಣ, ನೀನಿನ್ನು ಸುಮ್ಕಿರು. ಅವನ್ನ ನಾನು ಮಾತಾಡುಸ್ತೀನಿ."

"ನಂಗೇ ಎತ್ತಲ್ಲ, ನಿಂಗೆ ಎತ್ತಾನಾ?"

"ನಿಂಗೆ ಎತ್ತಲ್ಲ ಅಂತಾನೇ ನಂಗೆ ಎತ್ತೋದು."

ಮಧ್ಯಾಹ್ನದ ಹೊತ್ತು. ಜಗಲಿ ಮೇಲೆ ಕೂತು ಅವಳ ಫೋನಿಂದ ಮಾಡಿ, ಸ್ಪೀಕರ್ ಹಾಕಿದ್ಲು. ಹೊಸ ನಂಬರು, ಎತ್ತಿದ.

"ಅಣ್ಣಾರೆ, ನಾನು ಅಕ್ಕಿಹೆಬ್ಬಾಳಿಂದ ಪದ್ಮ. ಆ ಸೈಡ್ ಚಕ್ರ ಹಾಕುಸ್ಕಳೋಳು. ಊಟ ಆಯ್ತಾ?"

ಪಾಪ, ಅವ್ನು ಬೈಗುಳಕ್ಕೆ ಬೆನ್ನು ಕೊಟ್ಟು ನಿಂತಿದ್ದ ಅಂತ ಕಾಣ್ತದೆ. ಮೆತ್ತಗೆ, "ಇಲ್ರೀ ತಂಗಿ. ಈಗ ಕುಂತೀನ್ರಿ" ಅಂದ.

"ಏನ್ ಮಾಡವ್ರೆ ಮನೇಲಿ?"

"ರೊಟ್ಟಿ, ಬದನಿಕಾಯಿ ಪಲ್ಯಾರಿ."

"ಸರಿ, ಉಣ್ಣಿ ಮೊದ್ಲು. ಆರೋಗ್ಬುಡ್ತದೆ." ಫೋನ್ ಇಟ್ಬುಟ್ಲು.

ನನಗೆ ಮೈಯೆಲ್ಲ ಉರಿದೋಯ್ತು. "ಅಲ್ಲ ಕಣೆ, ಎತ್ತಿದ್ದೇ ಹೆಚ್ಚು, ಪಲ್ಯ ಕೇಳಿ ಇಟ್ಬುಟ್ಟಲ್ಲೇ!"

"ನಾನು ಟೈಲರ್ ಕಣಣ್ಣ" ಅಂದ್ಲು. "ನಾವೂ ಅವನ ಜಾತೀನೇ. ಬಟ್ಟೆ ಕತ್ತರಿಸೇ ಇರಲ್ಲ, ಉಕ್ಸ್ ಹಾಕೋದೊಂದೇ ಬಾಕಿ ಅಂತೀವಿ. ಯಾಕಂಗಂತೀವಿ? ಬೈತಾರೆ ಅಂತ. ಬಂದ್ ತಕ್ಷಣ ರೇಗೋರ್ಗೆ ಉಕ್ಸ್ ಒಂದ್ ಬಾಕಿ. ಕೂತ್ಕಂಡು, ಊಟ ಆಯ್ತೇನವ್ವ ಅಂತ ಕೇಳೋರ್ಗೆ ನಿಜ ಹೇಳ್ಬುಡ್ತೀವಿ, ಇನ್ನೂ ಮುಟ್ಟಿಲ್ಲ ಕಣಕ್ಕ ಅಂತ."

ನನ್ನ ಹೆಂಡತಿಯ ರೇಷ್ಮೆ ರವಿಕೆ ಯುಗಾದಿಯಿಂದ ಇವಳ ತಾವ ಅದೆ. ಅದಕ್ಕೂ ಉಕ್ಸ್ ಒಂದೇ ಬಾಕಿ ಇರೋದು ಅಂತ ನಾವು ನಂಬ್ಕೊಂಡಿದ್ವಿ.

ಸ್ವಲ್ಪ ಹೊತ್ತಿಗೆ ಫೋನ್ ಬಡ್ಕೊಳ್ತು. ಬಸಣ್ಣನೇ! ತಾನಾಗೇ!

"ತಂಗಿ, ಊಟ ಆತ್ರಿ. ನಿಮ್ದು?"

"ನಮ್ದೂ ಆಯ್ತು. ಅಣ್ಣಾರೆ, ಎರಡೂ ಎಡಗಡೇವೇ ಬಂದವಲ್ಲ?"

"ಅಯ್ಯ, ನಿಮ್ಮ ಅಣ್ಣಾರು ಫೋಟೋಕ್ಕ ಬಾಣ ಹಾಕಿ ಕಳಿಸ್ಯಾರಲ್ರಿ, ಇದೇ ಕಡೀದು ಅಂತ. ಅದು ಎಡಕಿನ ಕಡೀಗೇ ಐತಿ. ಮೊದಲಿಂದು ಮುರದಿರಬೇಕು ಅಂತ ತಿಳಕೊಂಡು ಇನ್ನೊಂದು ಹಾಕಿದ್ನಿರಿ."

ಪದ್ಮ ನನ್ನ ಕಡೆ ತಿರುಗಿದ್ಲು. ನಾನು ಫೋಟೋ ತೆಗೆದು ನೋಡ್ದೆ. ಎದುರಿಗೆ ನಿಂತು ಹೊಡೆದ ಫೋಟೋ. ನನ್ನ ಬಲಗೈ ಕಡೆಗೆ ಬಾಣ ಹಾಕಿದೀನಿ, ಅದು ಸ್ಕೂಟರಿನ ಎಡಗಡೆ. ಹಾರ ಹಾಕಿದ ಗಾಡಿನ ಹಿಂದಿನಿಂದ ಯಾರು ಫೋಟೋ ಹೊಡೀತಾರೆ ಸ್ವಾಮಿ? ದೇವರಿಗೆ ಎದುರು ನಿಂತು ಕೈ ಮುಗಿದು ಅಭ್ಯಾಸ, ಗಾಡಿಗೂ ಅಂಗೇ ನಿಂತಿದ್ದೆ. ಕಾಳಮ್ಮ ಇದನ್ನೂ ಕೇಳಿಸ್ಕೊಂಡ್ಲು ಅನ್ನೋದು ಬೇರೆ.

"ಓಗ್ಲಿ ಬುಡಿ," ಅಂದ್ಲು ಪದ್ಮ. "ಸೈಲೆನ್ಸರ್ ಕಡೇದು ಅದ್ಯಾ ನಿಮ್ತಾವ? ನಿಜ ಹೇಳಿ, ನಾನೇನೂ ಬೈಯಲ್ಲ."

"ಇಲ್ಲ ತಂಗಿ" ಅಂದ ಅವ್ನು. "ಮೊದಲಿಂದಲೂ ಇರಲಿಲ್ಲ. ಅದನ್ನ ಮಾಡೋ ಮಿಸ್ತ್ರಿ ಕೈ ಪೆಟ್ಟು ಮಾಡಿಕೊಂಡು ಊರಿಗೆ ಹೋಗ್ಯಾನ. ನಿಮ್ಮ ಅಣ್ಣಾರು ಫೋನ್ ಹಚ್ಚಿದಾಗೆಲ್ಲ ಏನ್ ಹೇಳೂದು ತಿಳೀಲಿಲ್ಲ. ಹೇಳಾಕ ಏನೂ ಇರಲಿಲ್ಲ, ಅದಕ್ಕ ಎತ್ತಲಿಲ್ಲ."

"ಗೌರಿ ಹಬ್ಬಕ್ಕೆ ಬತ್ತದಾ?"

ಕೇಳ್ತಾನೇ ಪದ್ಮ ಮೊಳೆಗೆ ನೇತಾಡ್ತಿದ್ದ ಚಕ್ರನ ಕೈಯಲ್ಲಿ ಹಿಡ್ಕೊಂಡ್ಲು.

"ಆಗಂಗಿಲ್ಲ ತಂಗಿ. ದೀಪಾವಳಿ ಒಳಗ ಕೊಡ್ತೀನಿ, ನನ್ನ ಮಾತು."

"ಆಯ್ತು ಬುಡಿ. ಮಿಸ್ತ್ರಿ ಕೈ ವಾಸಿ ಆಗ್ಲಿ."

ಫೋನ್ ಇಟ್ಲು. ಕಣ್ಣು ಸ್ವಲ್ಪ ಒದ್ದೆ ಆಗಿತ್ತು, ಸುಳ್ಳು ಯಾಕೆ. ಒಂದು ವರ್ಷದಿಂದ ಲೆಕ್ಕ ಹಾಕ್ಕೊಂಡಿದ್ದ ಸೀಸನ್ನು ಹೋಯ್ತಲ್ಲ. ನಾನು ಬಸಣ್ಣನ ವಂಶ ಜಾಲಾಡೋಕೆ ಬಾಯಿ ತೆಗೆದೆ. "ಸುಮ್ಕಿರಣ್ಣ" ಅಂದ್ಲು. "ಆಗಲ್ಲ ಅಂತ ಹೇಳುದ್ನಲ್ಲ, ಅದೂ ಒಂದು ಸಾಮಾನೇ. ನಾಳೆ ನಾಳೆ ಅಂದಿದ್ರೆ ನಾನು ದಿನಾ ಬೀದಿ ಕಾಯ್ತಾ ಕೂತಿರ್ತಿದ್ದೆ. ಈಗ ಏನ್ ಮಾಡ್ಬೇಕು ಅಂತ ಯೋಚ್ನೆ ಮಾಡ್ಬೌದು."

ಮಾರನೇ ದಿನ ಶಿವಣ್ಣನ ಬೆನ್ನಿಗೇ ಅಂಟ್ಕೊಂಡು, ಎಂದಿನಂಗೆ ಲೇಟಾಗಿ ಅಂಗಡಿಗೆ ಹೋಗಿ, ಬಂದ ಹೆಂಗಸ್ರಿಗೆಲ್ಲ ಅವಳೂ ನಿಜ ಹೇಳೋಕೆ ಶುರು ಮಾಡಿದ್ಲು. ಹಬ್ಬಕ್ಕೆ ಇಷ್ಟೇ ರವಿಕೆ ಆಗೋದು, ನಿಮ್ದು ಆಗಲ್ಲ ಕಣಕ್ಕ, ಬೇರೆ ಕಡೆ ಕೊಡ್ಕಳಿ. ಟೈಲರ್ ಬಾಯಲ್ಲಿ ಇಂಥ ಮಾತು ಕೇಳಿ ಪೇಟೆ ಹೆಂಗಸ್ರು ಗಾಬರಿ ಆಗ್ಬುಟ್ರು. ಕೆಲವರು ಸಿಟ್ಟಾಗಿ ಹೋದ್ರು. ಉಳಿದೋರಿಗೆ ಹಬ್ಬದ ಹಿಂದಿನ ದಿನವೇ ರವಿಕೆ ಕೈಗೆ ಬಂತು, ಉಕ್ಸ್ ಸಮೇತ. ಸಿಟ್ಟಾಗಿ ಹೋದೋರು ಹಬ್ಬ ಆದ್ಮೇಲೆ ವಾಪಸ್ ಬಂದ್ರು. ಮುಂದಿನ ಬೀದಿ ಟೈಲರ್ ತಾವ ಅವರದ್ದಕ್ಕೆ ಇನ್ನೂ ಉಕ್ಸ್ ಒಂದ್ ಬಾಕಿ ಇತ್ತಂತೆ.

ಬಸಣ್ಣ ಆಗಾಗ ಫೋನ್ ಮಾಡೋನು. ಮಿಸ್ತ್ರಿ ಬಂದ, ಕಬ್ಬಿಣ ಬಗ್ಗಿಸಿದ, ಬಣ್ಣ ಹಚ್ಚಿದ, ಪಾರ್ಸಲ್ ಆತು, ಅಂತ. ನನಗಲ್ಲ, ಅವಳಿಗೆ. ನನ್ನ ಬಗ್ಗೆ ಒಂದೇ ಒಂದ್ಸಲ ಕೇಳಿದ್ನಂತೆ, "ನಿಮ್ಮ ಅಣ್ಣಾರಿಗೆ ಈಗ ಸಿಟ್ಟು ಇಳದೈತಿ ಏನ್ರಿ?" ಅಂತ. ದೀಪಾವಳಿಗಿಂತ ಮುಂಚೆ ಬಲಗಡೆ ಚಕ್ರ ಬಂತು. ಹೆಚ್ಚಾಗಿ ಬಂದಿದ್ದ ಎಡಗಡೇದನ್ನ ವಾಪಸ್ ಕಳಿಸ್ವಾಗ ಅದರ ಜೊತೆ ಇವಳು ಒಂದು ಉಂಡೆ ಬೆಲ್ಲ ಇಟ್ಲು. ಭಾಯ್ ಎರಡೂ ಕಡೆ ಕೂರಿಸಿ ಕೊಟ್ರು. ಕಾಗದ ಪತ್ರ, ಲೈಸೆನ್ಸು ಎಲ್ಲ ಮಾಡಿಸಿ, ಅಕ್ಕಿಹೆಬ್ಬಾಳಿನ ಸ್ಟೇಷನ್ ರಸ್ತೇಲಿ ಅಭ್ಯಾಸವೂ ಆಯ್ತು.

ಮೊದಲ್ನೇ ಸಲ ಒಬ್ಬಳೇ ಪೇಟೆಗೆ ಹೊರಟ ದಿನ ನಾನು ಅಂಗಡಿ ಮುಂದೆ ಹೋಗಿ ನಿಂತಿದ್ದೆ. ಹೇಳಿದ ಹೊತ್ತಿಗೆ ಬರ್ಲಿಲ್ಲ. ಫೋನ್ ಮಾಡ್ದೆ, ಎತ್ತಲಿಲ್ಲ. ಮತ್ತೆ ಮಾಡ್ದೆ, ಇಲ್ಲ. ಶಿವಣ್ಣಂಗೆ ಮಾಡುದ್ರೆ ಅವ್ನು ಹಸ ಬುಟ್ಟು ಬೀದೀಲಿ ನಿಂತವ್ನೆ. ಬೈಯೋಕೆ ಮೆಸೇಜ್ ಅರ್ಧ ಬರೆದಿದ್ದೆ. ಅದನ್ನ ಅಳಿಸಿ, ತಿಂಡಿ ಆಯ್ತೇನವ್ವ ಅಂತ ಕಳಿಸ್ದೆ.

ಉತ್ತರಕ್ಕೆ ಅವಳ ದನಿ ಬಂತು. ಹಿಂದೆ ಗಾಳಿ ಸದ್ದು. "ಎದುರ್ಕೋಬೇಡ ಕಣಣ್ಣ. ಓಡುಸ್ವಾಗ ಎತ್ತಲಿಲ್ಲ, ಈಗ ರಸ್ತೆ ಪಕ್ಕಕ್ಕೆ ನಿಲ್ಸಿದೀನಿ. ಸುಮ್ಕೆ ನೋಡ್ತಾ ಇದೀನಿ. ಇಲ್ಲೊಂದು ದೊಡ್ಡ ಹುಣಸೇಮರ ಅದೆಯಲ್ಲ, ಇಷ್ಟು ವರ್ಷ ನಂಗೆ ಯಾರೂ ಹೇಳೇ ಇಲ್ಲ. ನೀನು ಕಾಯ್ತಿರು. ನಾನು ದಾರೀಲಿದೀನಿ."

ಆ ಮಾತನ್ನ ಅಷ್ಟು ನಿಜವಾಗಿ ಯಾರಾದ್ರೂ ಹೇಳಿದ್ದನ್ನ ನಾನು ಅದೇ ಮೊದ್ಲು ಕೇಳಿದ್ದು.

ಈಗ ನಿಮ್ದು ಹೇಳಿ. ಯಾವ ಸಾಮಾನು, ಎಲ್ಲಿಂದ ಹೊರಟದೆ, ಎಷ್ಟು ಕಾಲದಿಂದ ದಾರೀಲದೆ? ಕೆಳಗೆ ಬರೀರಿ, ಒಂದೊಂದನ್ನೂ ಓದ್ತೀನಿ. ಬೈಗುಳನೂ ಬರೀರಿ, ಪರವಾಗಿಲ್ಲ, ಆದ್ರೆ ಮೊದ್ಲು ಊಟ ಆಯ್ತಾ ಅಂತ ಕೇಳಿ ಶುರು ಮಾಡಿ. ನನ್ನ ಹೆಂಡತಿ ಈಗಾಗ್ಲೇ ಬರೆಯೋಕೆ ಕೂತವ್ಳೆ. ಅವಳ ರೇಷ್ಮೆ ರವಿಕೆ ವಿಚಾರ ನಿನ್ನೆ ಪದ್ಮನ್ನ ಕೇಳಿದ್ವಿ. ಇನ್ನೂ ಕತ್ತರಿಸೇ ಇಲ್ವಂತೆ.