ಕುಚ್ಚು ಕಟ್ಟಿದವಳ ಕತ್ತು

ಮೊನ್ನೆ ಟ್ರಂಕು ತೆಗೆದರೆ ನುಸಿಗುಳಿಗೆಯ ವಾಸನೆಯ ಜೊತೆ ಆ ಹಸಿರು ಸೀರೆ ಕೈಗೆ ಬಂತು. ಸೆರಗಿನ ಕುಚ್ಚು ಒಂದೂ ಬಿಚ್ಚಿಲ್ಲ. ಕಟ್ಟಿದ್ದು ಪಕ್ಕದ ಮನೆಯವಳು. ಗುಂಡ್ಲುಪೇಟೆಯ ನಮ್ಮ ಬೀದಿಗೆಲ್ಲ ಅವಳೇ ಕಟ್ಟುತ್ತಿದ್ದಳು.

ನನ್ನ ಮೊಮ್ಮಗಳಿಗೆ ಕತ್ತಿನಲ್ಲಿ ಗಂಟು ಬಂದು ಲಿಂಫೋಮಾ ಅಂದರು. ರಕ್ತದ ಕ್ಯಾನ್ಸರಿನಲ್ಲಿ ಅದೊಂದು ಬಗೆಯಂತೆ. ನಾನು ಓದಿದ್ದು ಮೂರನೇ ಕ್ಲಾಸು. ಮೈಸೂರಿನ ಡಾಕ್ಟರಮ್ಮ ನನ್ನ ಸೆರಗು ಹಿಡಿದೇ ತಿಳಿಸಿದರು. ಮೈಯ ಕಣದೊಳಗೆ ದಾರಗಳಿವೆ, ದಾರದ ತುದಿಗೆ ಕುಚ್ಚಿನ ಹಾಗೆ ಟೆಲೋಮಿಯರ್ ಇದೆ. ಕಣ ಒಂದು ಎರಡಾದಾಗಲೆಲ್ಲ ಅದು ಚೂರು ಸವೆಯುತ್ತದೆ. ತೀರಾ ಗಿಡ್ಡವಾದರೆ ದಾರಗಳು ಒಂದಕ್ಕೊಂದು ಅಂಟಿ, ತುಂಡಾಗಿ, ಅವುಗಳ ಮೇಲಿರುವ ಜೀನುಗಳು ಅದಲುಬದಲಾಗಬಹುದು.

"ಆದ್ರೆ ಅಜ್ಜಿ, ಇವಳ ಜೀನ್ ಬದಲಾಗಿರೋದು ರೋಗದ ಕಣದಲ್ಲಿ ಮಾತ್ರ. ಮಕ್ಕಳಿಗೆ ಹೋಗೋದಲ್ಲ" ಅಂದರು.

ಮದ್ದು ನಾಟಿತು. ತೆರಕಣಾಂಬಿಯಿಂದ ಸಂಬಂಧವೂ ಕೂಡಿತು. ಕಾಯಿಲೆಯ ವಿಷಯ ಹೇಳಿಯೇ ಒಪ್ಪಿಸಿದ್ದೆವು. ನಿಶ್ಚಿತಾರ್ಥದ ಈ ಹಸಿರು ಸೀರೆಗೆ ಕುಚ್ಚು ಕಟ್ಟಲು ನಮ್ಮ ಜಗುಲಿಯಲ್ಲಿ ಕೂತವಳ ಮುಂದೆ ನಾನು ಬಾಯಿ ಬಿಟ್ಟೆ. ಜೀನ್ ಬದಲಾಗಿತ್ತಂತೆ ಅಂದೆ. ಅಷ್ಟರಲ್ಲಿ ಹಾಲು ಉಕ್ಕಿತು, ಎದ್ದು ಒಳಗೆ ಹೋದೆ. ಉಳಿದ ಮಾತು ಉಳಿದೇಹೋಯಿತು…

ವಾರದೊಳಗೆ ಗಂಡಿನವರು ಬೇಡ ಅಂದರು. ಹುಟ್ಟುವ ಮಕ್ಕಳಿಗೂ ರೋಗ ಬರುತ್ತದೆಂದು ಪಕ್ಕದ ಮನೆಯವಳೇ ಅವರಿಗೆ ಫೋನ್ ಮಾಡಿದ್ದಳು. ಡಾಕ್ಟರಮ್ಮನ ಮಾತು ಹೇಳಿದರೂ ಅವರು ನಂಬಲಿಲ್ಲ. ಅವಳ ಬಾಗಿಲಿಗೇ ಹೋಗಿ ಕೇಳಿದೆ.

"ನಾನೇನ್ ಸುಳ್ ಏಳುದ್ನಾ ಅಕ್ಕ? ನೀನೇ ಅಂದದ್ದು ಕನಕ್ಕ!"

"ನಿನ್ ಬಾಯ್ಗ ಮಣ್ಣಾಕ! ಇನ್ ನನ್ ಜಗ್ಲಿ ಮೆಟ್ಬೇಡ, ಓಗು."

ಮರುವರ್ಷ ಬಿರುಬೇಸಗೆಯಲ್ಲಿ ಅವಳು ಕತ್ತಿಗೆ ಸೆರಗು ಸುತ್ತಿಕೊಂಡು ಓಡಾಡತೊಡಗಿದಳು. ಒಂದು ದಿನ ನಲ್ಲಿಯ ಹತ್ತಿರ ಸೆರಗು ಜಾರಿತು. ಅದೇ ಜಾಗದಲ್ಲಿ ಗಂಟು. ನನ್ನನ್ನು ಕಂಡು ಗಬಕ್ಕನೆ ಮುಚ್ಚಿಕೊಂಡಳು. ಅವಳಿಗೂ ಮದುವೆಗೆ ಬಂದ ಮಗಳಿದ್ದಳು. ತಾನು ಹಬ್ಬಿಸಿದ ಮಾತು ತನ್ನ ಮನೆಗೇ ಬಂದೀತೆಂದು ಹೆದರಿದ್ದಳು. ಆಸ್ಪತ್ರೆಗೆ ಹೋಗು, ಮಗಳಿಗೇನೂ ಆಗುವುದಿಲ್ಲ ಅನ್ನಬಹುದಿತ್ತು. ಬೀದಿಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಅನ್ನಲಿಲ್ಲ. ಬಿಂದಿಗೆ ತುಂಬಿತು, ಎತ್ತಿಕೊಂಡು ಬಂದೆ. ಅನುಭವಿಸಲಿ ಅಂತಲೇ ಬಂದೆ.

ಮಗಳ ಮದುವೆ ಮುಗಿಸಿ ಆಸ್ಪತ್ರೆಗೆ ಹೋದಳು. ಆಗ ತಡವಾಗಿತ್ತು…

ಮೊಮ್ಮಗಳು ಈಗ ಗಟ್ಟಿಯಾಗಿದ್ದಾಳೆ, ಬದನಗುಪ್ಪೆಯ ಫ್ಯಾಕ್ಟರಿಗೆ ಹೋಗುತ್ತಾಳೆ. ಸೀರೆಯ ಕುಚ್ಚು ಸವರುತ್ತಾ, "ಆವಮ್ಮನ ಗಂಟ ಮೊದ್ಲೇ ಯಾರಾರ ನೋಡಿದ್ರ ಉಳ್ಕತಿತ್ತು, ಅಲ್ವಾ ಅಜ್ಜಿ?" ಅಂದಳು.

ನಾನು ಸೀರೆ ಕಿತ್ತುಕೊಂಡು ಮಡಿಸಿದೆ. ಸಿಟ್ಟು ಇನ್ನೂ ಹಾಗೇ ಇದೆ. ಬೈಯೋಣವೆಂದರೆ ಪಕ್ಕದ ಮನೆಯಲ್ಲಿ ಅವಳಿಲ್ಲ.